ವಿದ್ವತ್ ಚರ್ಚೆಯ ಇ-ಮೇಲ್ ಕೂಟಗಳು: ಬಾಡಿಗೆಯ ನೆಲೆ ಮತ್ತು ಕಡತದ ಹೊಣೆ

ವಿದ್ವಾಂಸರ ಪತ್ರವ್ಯವಹಾರವು ಇತಿಹಾಸಕಾರನಿಗೆ ಮೊದಲ ದರ್ಜೆಯ ಆಕರವೆಂಬುದು ನಿರ್ವಿವಾದ. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ಓಲ್ಡನ್‌ಬರ್ಗನು 1665ರಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯನ್ನು ಆರಂಭಿಸಿದಾಗ, ತನಗೆ ನಾನಾ ದೇಶಗಳಿಂದ ಬರುತ್ತಿದ್ದ ಪತ್ರಗಳೇ ಅದರ ಬಂಡವಾಳವಾಗಿದ್ದುವು. ನಮ್ಮ ಕಾಲದಲ್ಲಿ ಆ ಕಾರ್ಯದ ಒಂದು ಭಾಗವನ್ನು ಇ-ಮೇಲ್ ಚರ್ಚಾಕೂಟಗಳು ವಹಿಸಿಕೊಂಡಿವೆ. ಸದಸ್ಯನೊಬ್ಬನು ಕೂಟದ ವಿಳಾಸಕ್ಕೆ ಬರೆದ ಪತ್ರವು ಸದಸ್ಯರೆಲ್ಲರಿಗೂ ತಲುಪುತ್ತದೆ. ಅದರ ಪ್ರತಿಯೊಂದು ಕಡತದಲ್ಲಿ ಉಳಿಯುತ್ತದೆ. ಇಂತಹ ಕೂಟವನ್ನು ಅಲ್ಪ ಬಾಡಿಗೆಗೆ ದೊರೆಯುವ, ನೂರಾರು ಗಿರಾಕಿಗಳು ಹಂಚಿಕೊಂಡಿರುವ ಸರ್ವರಿನಲ್ಲಿ ನಡೆಸುವುದು ಸಾಧ್ಯವೇ, ಸಾಧುವೇ ಎಂಬ ಪ್ರಶ್ನೆಯನ್ನು ಇಲ್ಲಿ ವಿಮರ್ಶಿಸಲು ಯತ್ನಿಸಿದ್ದೇವೆ.

ಈ ಕೂಟಗಳು ಬೆಳೆದದ್ದು ವಿಶ್ವವಿದ್ಯಾನಿಲಯಗಳ ಆಶ್ರಯದಲ್ಲಿ. 1981ರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯಕ್ಕೂ ಯೇಲ್ ವಿಶ್ವವಿದ್ಯಾನಿಲಯಕ್ಕೂ ನಡುವೆ ‘ಬಿಟ್‌ನೆಟ್’ ಜಾಲವು ಏರ್ಪಟ್ಟಿತು. ಪತ್ರಗಳನ್ನು ತಾನಾಗಿ ಹಂಚುವ ‘ಲಿಸ್ಟ್‌ಸರ್ವ್’ ತಂತ್ರಾಂಶವನ್ನು 1986ರಲ್ಲಿ ಎರಿಕ್ ಥಾಮಸ್ ರಚಿಸಿದರು. 1990ರಲ್ಲಿ ಡೊಮಿನಿಕ್ ವುಯಾಸ್ಟಿಕ್ ಅವರು ಆರಂಭಿಸಿದ ‘ಇಂಡಾಲಜಿ’ ಕೂಟವು ಭಾರತೀಯ ವಿದ್ಯೆಗಳ ಅಭ್ಯಾಸಿಗಳನ್ನು ಒಂದೆಡೆ ಸೇರಿಸಿತು. ಅದರ ಹಳೆಯ ಚರ್ಚೆಗಳನ್ನು ಯಾರು ಬೇಕಾದರೂ ಓದಬಹುದಾಗಿದೆ. ಇತಿಹಾಸದ ಅಧ್ಯಾಪಕರಿಗಾಗಿ ಅಮೆರಿಕದಲ್ಲಿ ಹುಟ್ಟಿದ ‘ಎಚ್-ನೆಟ್’ ಸಂಸ್ಥೆಯಲ್ಲಿ ಬರುವ ಪತ್ರಗಳನ್ನು ಸಂಪಾದಕರು ಓದಿ, ಯೋಗ್ಯವೆಂದು ಕಂಡವನ್ನೇ ಸದಸ್ಯರಿಗೆ ಕಳುಹಿಸುವ ಪದ್ಧತಿ ನೆಲೆಗೊಂಡಿತು. ಯಂತ್ರ, ವಿದ್ಯುತ್ತು, ತಂತ್ರಜ್ಞ ಇವುಗಳ ವೆಚ್ಚವನ್ನು ವಿದ್ಯಾಸಂಸ್ಥೆಗಳು ಹೊರುತ್ತಿದ್ದುದರಿಂದ ಕೂಟಗಳ ಯಜಮಾನಿಕೆ ವಿದ್ವಾಂಸರ ಕೈಯಲ್ಲೇ ಉಳಿಯಿತು. ಈ ಆಶ್ರಯವಿಲ್ಲದ ಸಣ್ಣ ಬಳಗಕ್ಕೆ ಇಂದು ಉಳಿದಿರುವ ಮಾರ್ಗಗಳು ಮುಖ್ಯವಾಗಿ ಎರಡು: ಬಾಡಿಗೆಯ ನೆಲೆ, ಇಲ್ಲವೆ ದೊಡ್ಡ ಕಂಪನಿಗಳ ಉಚಿತ ಸೇವೆ.

ಬಾಡಿಗೆಯ ನೆಲೆಯ ಮೊದಲ ತೊಡಕು ಲೆಕ್ಕದ್ದು. ಇಂತಹ ಸರ್ವರುಗಳಲ್ಲಿ ಗಂಟೆಗೆ ಇಷ್ಟೇ ಪತ್ರಗಳೆಂಬ ಮಿತಿ ಸಾಮಾನ್ಯ. ಆ ಮಿತಿಯು 200 ಎಂದಿಟ್ಟುಕೊಳ್ಳೋಣ, ಸದಸ್ಯರು 300 ಜನರಿರಲಿ. ದಿನಕ್ಕೆ 10 ಪತ್ರಗಳು ಬಂದರೆ 3,000 ಪ್ರತಿಗಳು ಹೊರಡಬೇಕು. ಅದಕ್ಕೆ 15 ಗಂಟೆ ಹಿಡಿಯುತ್ತದೆ. ಕೆಲವೆಡೆ ಮಿತಿಮೀರಿದ ಪತ್ರಗಳು ಸರದಿಯಲ್ಲಿ ಕಾಯದೆ ನಾಶವಾಗುವುದೂ ಉಂಟು. ಆದರೆ ದಿನದ ಪತ್ರಗಳನ್ನೆಲ್ಲ ಒಂದೇ ಸಂಗ್ರಹವಾಗಿ ಕಟ್ಟಿ ಕಳುಹಿಸಿದರೆ 300 ಪ್ರತಿಗಳೇ ಸಾಕು. ಎರಡು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಶಾಸನಪಾಠವೊಂದರ ಚರ್ಚೆ ಒಂದು ದಿನ ತಡವಾದರೆ ಆಗುವ ನಷ್ಟವೇನೂ ಇಲ್ಲ. ಉತ್ತರಿಸುವವನು ಗ್ರಂಥವನ್ನು ತೆರೆದು ನೋಡಲು ಆ ವಿಳಂಬವೇ ಅವಕಾಶವೀಯುತ್ತದೆ.

ಎರಡನೆಯ ತೊಡಕು ನೆರೆಹೊರೆಯದು. ಒಂದೇ ಸರ್ವರಿನ ಗಿರಾಕಿಗಳು ಸಾಮಾನ್ಯವಾಗಿ ಒಂದೇ ಜಾಲವಿಳಾಸವನ್ನು ಹಂಚಿಕೊಂಡಿರುವುದರಿಂದ, ಅವರಲ್ಲೊಬ್ಬನು ಜಾಹೀರಾತಿನ ಕಸವನ್ನು ಕಳುಹಿಸಿದರೆ ಆ ವಿಳಾಸವು ಕಪ್ಪುಪಟ್ಟಿಗೆ ಸೇರಿ, ನಿರಪರಾಧಿಗಳ ಪತ್ರಗಳೂ ತಿರಸ್ಕೃತವಾಗುತ್ತವೆ. ಮೂರನೆಯದು ದೊಡ್ಡ ಕಂಪನಿಗಳ ಕಟ್ಟಳೆ. ತನ್ನ ಹೆಸರಿನ ವಿಳಾಸದಿಂದ ಬರೆದ ಪತ್ರವು ತನ್ನ ದೃಢೀಕರಣವಿಲ್ಲದೆ ಬಂದರೆ ಅದನ್ನು ತಿರಸ್ಕರಿಸಬೇಕೆಂದು ಯಾಹೂ 2014ರ ಏಪ್ರಿಲ್‌ನಲ್ಲಿ ಘೋಷಿಸಿತು. ಚರ್ಚಾಕೂಟವಾದರೋ ಸದಸ್ಯನ ಪತ್ರವನ್ನು ಅವನ ವಿಳಾಸದೊಡನೆಯೇ ಮರಳಿ ಹಂಚುವಂಥದು. ಅದರ ಪತ್ರಗಳು ಬೇರೆಡೆ ಸ್ವೀಕೃತವಾಗದೆ ಹಿಂದಿರುಗತೊಡಗಿದುವು. ಪರಿಹಾರವಾಗಿ ಅನೇಕ ಕೂಟಗಳು ಲೇಖಕನ ವಿಳಾಸದ ಸ್ಥಾನದಲ್ಲಿ ಕೂಟದ ವಿಳಾಸವನ್ನೇ ಇರಿಸಿದುವು. ಆದ್ದರಿಂದ 2014ರ ಈಚಿನ ಕಡತಗಳನ್ನು ಬಳಸುವ ಸಂಶೋಧಕನು ಪತ್ರದ ತಲೆಯಲ್ಲಿರುವ ವಿಳಾಸವನ್ನೇ ಕರ್ತೃತ್ವದ ಪ್ರಮಾಣವೆಂದು ಭಾವಿಸಲಾಗದು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಕಳುಹಿಸುವವರ ದೃಢೀಕರಣವನ್ನು ಇನ್ನಷ್ಟು ಬಿಗಿಗೊಳಿಸಿವೆ.

ಇಷ್ಟು ತೊಡಕುಗಳಿರುವಾಗ ಉಚಿತ ಸೇವೆಯೇ ಲೇಸೆಂಬ ಅಭಿಪ್ರಾಯ ಬಳಕೆಯಲ್ಲಿದೆ. ಅದನ್ನು ಒಪ್ಪಲು ನಮಗೆ ಸಾಧ್ಯವಿಲ್ಲ. ಯಾಹೂ ಗ್ರೂಪ್ಸ್ ಸೇವೆಯು ಸುಮಾರು ಎರಡು ದಶಕಗಳ ಕಾಲ ಅಸಂಖ್ಯ ಬಳಗಗಳಿಗೆ ನೆಲೆಯಾಗಿತ್ತು. 2019ರ ಅಕ್ಟೋಬರ್‌ನಲ್ಲಿ ಕಂಪನಿಯು ಅಲ್ಲಿ ಶೇಖರವಾಗಿದ್ದುದನ್ನು ಅಳಿಸುವುದಾಗಿ ಸಾರಿತು. 2020ರ ಡಿಸೆಂಬರ್ 15ರಂದು ಸೇವೆಯೇ ಮುಚ್ಚಿಹೋಯಿತು. ಸ್ವಯಂಸೇವಕರು ಕೆಲವನ್ನು ಉಳಿಸಿಕೊಂಡರು, ಉಳಿದುವು ಅಳಿದುವು. ಬೆಂಕಿಯಾಗಲಿ ಗೆದ್ದಲಾಗಲಿ ಇದಕ್ಕೆ ಕಾರಣವಲ್ಲ; ಒಂದು ವ್ಯಾಪಾರದ ತೀರ್ಮಾನ ಮಾತ್ರ. ವಾಟ್ಸಾಪ್ ಗುಂಪುಗಳನ್ನೇ ನೆಚ್ಚಿರುವ ವಿದ್ವದ್ಬಳಗಗಳೂ ಇದನ್ನು ಮನಗಾಣಬೇಕು. ಸದಸ್ಯರ ಫೋನುಗಳಲ್ಲಿ ಚದುರಿಹೋದ ಮಾತುಗಳನ್ನು ಮುಂದಿನ ಪೀಳಿಗೆಯು ಆಕರವಾಗಿ ಬಳಸುವುದು ದುಸ್ತರ.

ಕನ್ನಡದ ಮಟ್ಟಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಯುನಿಕೋಡ್ ರೂಢಿಗೆ ಬರುವ ಮುನ್ನ ನಮ್ಮವರು ರೋಮನ್ ಲಿಪಿಯಲ್ಲೋ, ನುಡಿ, ಬರಹ ಮುಂತಾದ ತಂತ್ರಾಂಶಗಳ ಪ್ರತ್ಯೇಕ ಅಕ್ಷರಸಂಕೇತಗಳಲ್ಲೋ ಬರೆಯುತ್ತಿದ್ದರು. ಆಯಾ ಅಕ್ಷರಮಾದರಿಯಿಲ್ಲದ ಕಂಪ್ಯೂಟರಿನಲ್ಲಿ ಎರಡನೆಯ ಬಗೆಯ ಪತ್ರಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಯುನಿಕೋಡಿಗೆ ಪರಿವರ್ತಿಸಿ, ಮೂಲವನ್ನೂ ಜೊತೆಯಲ್ಲಿ ಉಳಿಸಿಕೊಳ್ಳುವುದು ಉಚಿತ.

ಒಟ್ಟಿನಲ್ಲಿ, ಕೆಲವು ನೂರು ಸದಸ್ಯರ ಕೂಟಕ್ಕೆ ಬಾಡಿಗೆಯ ನೆಲೆ ಅಸಾಧ್ಯವೇನಲ್ಲ. ಅದರ ಇಕ್ಕಟ್ಟು ಚರ್ಚೆಗೆ ಒಂದು ಶಿಸ್ತನ್ನೂ ತರಬಲ್ಲದು. ಆದರೆ ನೆಲೆ ಯಾವುದೇ ಇರಲಿ, ಅದನ್ನು ತಾತ್ಕಾಲಿಕವೆಂದೇ ಎಣಿಸಬೇಕು. ಕಡತದ ಪ್ರತಿಯನ್ನು ಸಾದಾ ಪಠ್ಯರೂಪದಲ್ಲಿ ತಿಂಗಳಿಗೊಮ್ಮೆ ತೆಗೆದು, ಸದಸ್ಯರ ಸಮ್ಮತಿಯನ್ನು ಮೊದಲೇ ಪಡೆದು, ಒಂದು ಗ್ರಂಥಾಲಯದ ವಶದಲ್ಲಿಡಬೇಕು. ಸರ್ವರಿನ ಪಾಸ್‌ವರ್ಡು ಒಬ್ಬನ ನೆನಪಿನಲ್ಲಷ್ಟೇ ಇರದೆ ಇಬ್ಬರ ಬಳಿಯಾದರೂ ಇರಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ತಮ್ಮ ಗ್ರಂಥಾಲಯಗಳಲ್ಲಿ ಹಸ್ತಪ್ರತಿಗಳಿಗೆ ಕಪಾಟನ್ನು ಒದಗಿಸಿರುವ ವಿಶ್ವವಿದ್ಯಾನಿಲಯಗಳು ಈ ಪತ್ರಗಳಿಗೂ ಒಂದಿಷ್ಟು ಸ್ಥಳವನ್ನು ಕೊಡುವುದು ನ್ಯಾಯವೆಂದು ನಮ್ಮ ಮತ.