ಖಂಡನವೋ ವಿತಂಡೆಯೋ? — ‘ದಿ ಡಿಸ್ಟ್ರಾಯರ್’ ಎಂಬ ಧ್ವನಿಮುದ್ರಿಕೆಯ ವಿಚಾರ

ಜರ್ಮನಿಯ ಬರ್ಲಿನ್ ನಗರದ ಅಲೆಕ್ ಎಂಪೈರ್ ಎಂಬ ಸಂಗೀತಗಾರನು 1996ರಲ್ಲಿ ಹೊರತಂದ ‘ದಿ ಡಿಸ್ಟ್ರಾಯರ್’, ಎಂದರೆ ‘ವಿನಾಶಕ’, ಎಂಬ ವಿದ್ಯುನ್ಮಾನ ಸಂಗೀತದ ಮುದ್ರಿಕೆಯು ‘ಬ್ರೇಕ್‌ಕೋರ್’ ಎಂಬ ಮಾರ್ಗದ ಮೂಲಗಳಲ್ಲೊಂದೆಂದು ಬಲ್ಲವರು ಎಣಿಸುತ್ತಾರೆ. ಇದನ್ನು ಕೇಳಿದವರಲ್ಲಿ ಎರಡು ಪಕ್ಷಗಳುಂಟು. ಇದು ಗದ್ದಲವೇ ಹೊರತು ಸಂಗೀತವಲ್ಲವೆಂಬುದು ಒಂದು. ಇದರ ಕಾರ್ಕಶ್ಯವೇ ಇದರ ಹಿರಿಮೆಯೆಂಬುದು ಮತ್ತೊಂದು. ಎರಡು ಪಕ್ಷಗಳವರೂ ಕೃತಿಯ ಹೊರಮೈಯನ್ನು ಮಾತ್ರವೇ ನೋಡಿದರೆಂದು ತೋರುವುದರಿಂದ, ಇದನ್ನು ನಮ್ಮ ಶಾಸ್ತ್ರಗಳ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯತಕ್ಕದ್ದು. ಅಮೆರಿಕದ ಸೋಲ್, ಫಂಕ್ ಮೊದಲಾದ ಮೇಳಗಳಲ್ಲಿ ಉಳಿದ ವಾದ್ಯಗಳು ನಿಂತು, ಡ್ರಮ್ ಬಾರಿಸುವವನೊಬ್ಬನೇ ನುಡಿಸುವ ಎಡೆಗೆ ‘ಬ್ರೇಕ್’ ಎಂದು ಹೆಸರು. ವಿನ್‌ಸ್ಟನ್ಸ್ ಎಂಬ ಮೇಳದವರ 1969ರ ‘ಆಮೆನ್, ಬ್ರದರ್’ ಎಂಬ ಮುದ್ರಿಕೆಯಲ್ಲಿ ಗ್ರೆಗರಿ ಕೋಲ್ಮನ್ ಎಂಬಾತನು ಬಾರಿಸಿದ ನಾಲ್ಕು ಆವರ್ತಗಳ, ಸುಮಾರು 7 ಸೆಕೆಂಡುಗಳ ಬ್ರೇಕು ಇವುಗಳಲ್ಲೆಲ್ಲ ಪ್ರಸಿದ್ಧವಾದುದು. 1990ರ ದಶಕದ ಆದಿಯಲ್ಲಿ ಇಂಗ್ಲೆಂಡಿನ ‘ಜಂಗಲ್’ ಸಂಗೀತದವರು ಇಂತಹ ತುಣುಕುಗಳನ್ನು ‘ಸ್ಯಾಂಪ್ಲರ್’ ಎಂಬ ಯಂತ್ರದಲ್ಲಿ ತುಂಬಿ, ಪೆಟ್ಟುಪೆಟ್ಟಾಗಿ ಕತ್ತರಿಸಿ, ವೇಗವನ್ನು ಹೆಚ್ಚಿಸಿ ಮರಳಿ ಜೋಡಿಸಿದರು. ಎಂಪೈರನು ಅಲ್ಲಿಂದ ಒಂದು ಹೆಜ್ಜೆ ಮುಂದಕ್ಕೆ ಹೋದನು. ವೇಗವನ್ನು ಇನ್ನೂ ಏರಿಸಿ, ಯಂತ್ರವು ತಾಳಲಾರದಷ್ಟು ನಾದವನ್ನು ಅದರೊಳಕ್ಕೆ ನುಗ್ಗಿಸಿ, ಧ್ವನಿಯೇ ಒಡೆದು ಹೊರಬೀಳುವಂತೆ ಮಾಡಿದನು.

ಇದು ಶ್ರುತಿಕಟುವಲ್ಲವೆ, ಎಂಬ ಆಕ್ಷೇಪವು ಸಹಜವೇ. ಅಹುದು, ಶ್ರುತಿಕಟುವೇ. ಆದರೆ ದೋಷಗಳಲ್ಲಿ ನಿತ್ಯವಾದುವು, ಅನಿತ್ಯವಾದುವು ಎಂಬ ವಿಭಾಗವುಂಟೆಂಬುದನ್ನು ಮರೆಯಲಾಗದು. ಶ್ರುತಿದೋಷಗಳು ಶೃಂಗಾರದಲ್ಲಿ ವರ್ಜ್ಯವೆಂದೂ ಎಲ್ಲ ರಸಗಳಲ್ಲಿಯೂ ಹಾಗಲ್ಲವೆಂದೂ ಆನಂದವರ್ಧನನು ಇತ್ಯರ್ಥಪಡಿಸಿದ್ದಾನೆ. ರೌದ್ರದಲ್ಲಿ ಪರುಷವರ್ಣಗಳೇ ಓಜಸ್ಸನ್ನು ಬೆಳೆಯಿಸುತ್ತವೆಂಬುದನ್ನು ರನ್ನನ ಗದಾಯುದ್ಧವನ್ನು ಓದಿದವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಅಕ್ಷರಕ್ಕೆ ಸಲ್ಲುವ ಈ ನ್ಯಾಯವು ನಾದಕ್ಕೂ ಸಲ್ಲುವುದು. ಆದಕಾರಣ ಮೊದಲನೆಯ ಪಕ್ಷವು ನಿಲ್ಲಲಾರದು.

ಹಾಗಾದರೆ ಎರಡನೆಯ ಪಕ್ಷವು ಗೆದ್ದಿತೆ? ಅದೂ ಇಲ್ಲ. ಕಾರ್ಕಶ್ಯವಿದ್ದ ಮಾತ್ರಕ್ಕೆ ರೌದ್ರವುಂಟಾಗದು. ಕ್ರೋಧಕ್ಕೆ ಆಲಂಬನವು ಬೇಕು. ‘ಖಂಡನ’ವೆಂಬ ನಮ್ಮ ಶಬ್ದಕ್ಕೆ ಕಡಿಯುವುದೆಂಬ ಅರ್ಥವೂ ಪರಪಕ್ಷವನ್ನು ನಿರಾಕರಿಸುವುದೆಂಬ ಅರ್ಥವೂ ಇರುವುದಷ್ಟೆ. ತನ್ನದೆಂಬ ಪಕ್ಷವೊಂದನ್ನೂ ಸ್ಥಾಪಿಸದೆ ಬರಿದೆ ಕಡಿಯುತ್ತ ಹೋಗುವ ವಾದವನ್ನು ನೈಯಾಯಿಕರು ವಿತಂಡೆಯೆಂದು ಕರೆದರು. ತಾಳವನ್ನು ಕಡಿಯುವ ಈ ಕೃತಿಯು ಖಂಡನವೋ ವಿತಂಡೆಯೋ ಎಂಬುದೇ ವಿಚಾರ್ಯವಾದ ಪ್ರಶ್ನೆ.

ಇದರ ಪೂರ್ವಪಕ್ಷವನ್ನು ಅರಿಯಬೇಕಾದರೆ ಆ ಕಾಲದ ಜರ್ಮನಿಯನ್ನು ನೋಡಬೇಕು. 1990ರಲ್ಲಿ ಆ ದೇಶದ ಎರಡು ಭಾಗಗಳು ಒಂದಾದುವು. 1992ರ ಆಗಸ್ಟಿನಲ್ಲಿ ರಾಸ್ಟಾಕ್ ನಗರದಲ್ಲಿ ವಿದೇಶೀಯರ ವಸತಿಯ ಮೇಲೆ ಗುಂಪುಗಳು ಎರಗಿದಾಗ ನೆರೆದ ಜನರು ಚಪ್ಪಾಳೆ ತಟ್ಟಿದರು. 1993ರ ಮೇ ತಿಂಗಳಲ್ಲಿ ಝೋಲಿಂಗೆನ್ ನಗರದಲ್ಲಿ ದುರುಳರು ಮನೆಗೆ ಬೆಂಕಿಯಿಟ್ಟುದರಿಂದ ತುರ್ಕಿ ಮೂಲದ ಒಂದೇ ಕುಟುಂಬದ ಐವರು ಹೆಂಗಸರೂ ಮಕ್ಕಳೂ ಮಡಿದರು. ಎಂಪೈರನು 1992ರಲ್ಲಿ ಗೆಳೆಯರೊಡನೆ ಕಟ್ಟಿದ ‘ಅಟಾರಿ ಟೀನೇಜ್ ರಯಟ್’ ಮೇಳದ ಮೊದಲ ಮುದ್ರಿಕೆಯೇ ನಾಜಿಗಳನ್ನು ಬೆನ್ನಟ್ಟುವ ಹಾಡು. ಆ ದಿನಗಳಲ್ಲಿ ಬರ್ಲಿನ್ನಿನ ನರ್ತನಶಾಲೆಗಳಲ್ಲಿ ಮೊಳಗುತ್ತಿದ್ದುದು ‘ಟೆಕ್ನೋ’: ನಾಲ್ಕು ಸಮಪೆಟ್ಟುಗಳು ಎಲ್ಲಿಯೂ ತಪ್ಪದೆ ನಡೆಯುವ, ಕೇಳುವವನ ಮೈಯನ್ನು ಒಂದೇ ಹೆಜ್ಜೆಗೆ ಒಗ್ಗಿಸುವ ಸಂಗೀತ. ಹೊರಗೆ ಮನೆಗಳು ಉರಿಯುತ್ತಿರಲು ಒಳಗೆ ಈ ಸಮಹೆಜ್ಜೆಯೇ ಎಂಬ ಕೋಪವು ‘ದಿ ಡಿಸ್ಟ್ರಾಯರ್’ನಲ್ಲಿ ಕೇಳಿಬರುತ್ತದೆ. ಬೀಳಬೇಕಾದ ಪೆಟ್ಟು ಬೀಳದೆ, ಬೀಳಬಾರದೆಡೆಯಲ್ಲಿ ಹತ್ತು ಪೆಟ್ಟುಗಳು ಒಮ್ಮೆಗೇ ಸುರಿಯುತ್ತವೆ. ಕಿವಿಗೆ ರೂಢಿಯಾದ ಸಮತೆಯೇ ಇಲ್ಲಿ ಪೂರ್ವಪಕ್ಷ, ಎಚ್ಚರಿಸುವುದೇ ಸಿದ್ಧಾಂತ. ಆದುದರಿಂದ ಇದು ಖಂಡನವೇ, ವಿತಂಡೆಯಲ್ಲ.

ಇನ್ನು ಇದರ ಪ್ರಭಾವ. ಬ್ರೇಕ್‌ಕೋರಿಗೆ ಇದೊಂದೇ ಮೂಲವೆಂದರೆ ಅತಿಶಯೋಕ್ತಿಯಾದೀತು. ಆಸ್ಟ್ರೇಲಿಯದ ನ್ಯೂಕ್ಯಾಸಲಿನಲ್ಲಿ 1994ರಲ್ಲಿ ಮೊದಲಾದ ‘ಬ್ಲಡಿ ಫಿಸ್ಟ್’ ಸಂಸ್ಥೆಯವರೂ ಲಂಡನ್ನಿನ ‘ಆಂಬುಷ್’ನವರೂ ತಮ್ಮ ತಮ್ಮ ದಾರಿಯಿಂದ ಇದೇ ಎಡೆಗೆ ಬಂದರು. ಎಂಪೈರನನ್ನು ಅನುಸರಿಸಿದವರಲ್ಲಿ ಹಲವರು ವೇಗವನ್ನೂ ಕಾರ್ಕಶ್ಯವನ್ನೂ ಕೈಕೊಂಡು, ಅವುಗಳಿಗೆ ಪ್ರಾಣವಾಗಿದ್ದ ಆಲಂಬನವನ್ನು ಕೈಬಿಟ್ಟರು. ಯಾರು ಹೆಚ್ಚು ವೇಗವಾಗಿ ಕಡಿಯುವರೆಂಬ ಪಂತವು ಚಿತ್ರಕಾವ್ಯದ ಕಸರತ್ತಿಗೆ ಸಮಾನವಾದುದು. ಆದರೆ ಕೆನಡಾದೇಶದ ವಿನ್ನಿಪೆಗ್ಗಿನ ಆರನ್ ಫಂಕನು ‘ವೆನೀಷಿಯನ್ ಸ್ನೇರ್ಸ್’ ಎಂಬ ಹೆಸರಿನಿಂದ 2005ರಲ್ಲಿ ಹೊರತಂದ, ದುರ್ನಕ್ಷತ್ರದಲ್ಲಿ ಹುಟ್ಟಿದವನೆಂಬರ್ಥದ ಹಂಗೇರಿಭಾಷೆಯ ಹೆಸರಿನ ಮುದ್ರಿಕೆಯು ಬೇರೆಯೇ ಜಾತಿಯದು. ಅಲ್ಲಿ ತಂತಿವಾದ್ಯಗಳ ಅಳಲು ಮೊದಲು ಹರಿದು, ಬಳಿಕ ಒಡೆದ ತಾಳಗಳು ಅದರ ಮೇಲೆ ಬೀಳುತ್ತವೆ. ಏಳೆಣಿಕೆಯ ನಡೆಯು ಅಲ್ಲಿ ಮೇಲಿಂದಮೇಲೆ ಬರುವುದರಿಂದ, ಮಿಶ್ರಛಾಪಿಗೆ ಒಗ್ಗಿದ ನಮ್ಮ ಕಿವಿಯು ಎಡವದೆ ಅದನ್ನು ಹಿಡಿಯಬಲ್ಲುದು. ರೌದ್ರಕ್ಕೆಂದು ಹುಟ್ಟಿದ ಉಪಕರಣವು ಅಲ್ಲಿ ಕರುಣಕ್ಕೆ ಒದಗಿತು. ಪೂರ್ವಕೃತಿಯನ್ನು ಅನುಕರಿಸದೆ ಅದರಿಂದ ಕಲಿಯುವುದೆಂದರೆ ಇದೇ.

ಒಂದು ಕೊರತೆಯನ್ನು ಮಾತ್ರ ಹೇಳದೆ ಬಿಡಲಾಗದು. ಪರಪಕ್ಷವನ್ನು ಖಂಡಿಸುವವನು ಅದು ಯಾರದೆಂಬುದನ್ನು ತಿಳಿದಿರುವನು. ಈ ಮಾರ್ಗದವರಾದರೋ ಕೋಲ್ಮನ್ನನ ಏಳು ಸೆಕೆಂಡುಗಳನ್ನು ಲೆಕ್ಕವಿಲ್ಲದಷ್ಟು ಸಲ ಕಡಿದರೂ ಆತನ ಹೆಸರನ್ನು ಬಹುಕಾಲ ಅರಿಯದೆಹೋದರು. 2006ರಲ್ಲಿ ಆತನು ತೀರಿಕೊಂಡಾಗ ಅದರಿಂದ ಆತನಿಗೆ ಕಾಸೊಂದೂ ಬಂದಿರಲಿಲ್ಲ. 2015ರಲ್ಲಿ ಅಭಿಮಾನಿಗಳು ಕೂಡಿಸಿದ ಸುಮಾರು 24,000 ಪೌಂಡುಗಳು ಸಂದುದು ಮೇಳದ ನಾಯಕನಾದ ರಿಚರ್ಡ್ ಸ್ಪೆನ್ಸರನಿಗೆ. ವಿನಾಶಕನ ಕೈಯ ಕೊಡಲಿಯೂ ಇನ್ನೊಬ್ಬನು ಮಾಡಿಕೊಟ್ಟುದೇ. ಆ ಋಣವನ್ನು ನೆನೆಯದ ಖಂಡನವು, ಎಷ್ಟು ಓಜಸ್ವಿಯಾದರೂ, ಅಷ್ಟರಮಟ್ಟಿಗೆ ವಿತಂಡೆಯ ಕಡೆಗೆ ವಾಲಿದಂತೆಯೇ ಸರಿ. ಇದರಲ್ಲಿ ಯುಕ್ತಾಯುಕ್ತಗಳನ್ನು ವಿದ್ವಾಂಸರು ಪರಾಂಬರಿಸಬೇಕು.