‘ತಲೆದಂಡ’ದ ಜಗದೇವ

ಕಲ್ಯಾಣದಲ್ಲಿ ನಡೆದ ಬಿಜ್ಜಳನ ವಧೆಯು ಕನ್ನಡ ಸಾಹಿತ್ಯವನ್ನು ಬಹುಕಾಲದಿಂದ ಕಾಡುತ್ತ ಬಂದಿರುವ ಪ್ರಸಂಗ. 1369ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣಕ್ಕೆ ಅದು ಶಿವದ್ರೋಹಿಗೆ ಒದಗಿದ ತಕ್ಕ ಶಾಸ್ತಿ; ಬಿಜ್ಜಳರಾಯಚರಿತೆಯನ್ನು ಬರೆದ ಜೈನಕವಿಗೆ ವಿಷಪ್ರಯೋಗದಿಂದ ಆದ ದ್ರೋಹ. ಒಂದೇ ಸಾವು ಒಂದು ಮತದವರಿಗೆ ಧರ್ಮವಾಗಿಯೂ ಇನ್ನೊಂದು ಮತದವರಿಗೆ ಪಾತಕವಾಗಿಯೂ ಕಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಕೊಂದವನ ಮನಸ್ಸು ಆ ಕೃತ್ಯದವರೆಗೆ ನಡೆದು ಬಂದ ದಾರಿ ಯಾವುದು ಎಂಬ ಪ್ರಶ್ನೆಯನ್ನು ಮಾತ್ರ ಈ ಎರಡು ಪರಂಪರೆಗಳೂ ಮುಖ್ಯವೆಂದು ಎಣಿಸಲಿಲ್ಲ. ಅದನ್ನು ಕೈಗೆತ್ತಿಕೊಂಡ ಕೃತಿ 1990ರಲ್ಲಿ ಪ್ರಕಟವಾಗಿ 1994ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಗಿರೀಶ ಕಾರ್ನಾಡರ ‘ತಲೆದಂಡ’.

ಈ ನಾಟಕವನ್ನು ಕುರಿತು ಸಾಮಾನ್ಯವಾಗಿ ಹೇಳುವ ಮಾತು ಇದು: ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆಯಾಯಿತು; ಅದಕ್ಕಾಗಿ ತಂದೆಯರಿಬ್ಬರಿಗೂ ಕ್ರೂರವಾದ ಶಿಕ್ಷೆಯಾಯಿತು; ಅದರ ಸೇಡಿಗಾಗಿ ಅರಸನ ಕೊಲೆಯಾಯಿತು. ಘಟನೆಗಳ ಅನುಕ್ರಮವೇನೋ ಸರಿಯೇ. ಆದರೆ ಸೇಡೊಂದೇ ಕಾರಣವಾಗಿದ್ದರೆ ಕಲ್ಯಾಣದ ಶರಣರೆಲ್ಲರೂ ಕತ್ತಿ ಹಿಡಿಯಬೇಕಾಗಿತ್ತು. ನೋವು ಸಾವಿರಾರು ಜನಕ್ಕೆ ಆಯಿತು, ಶಸ್ತ್ರ ಹಿಡಿದವರು ಕೆಲವರೇ. ಈ ಅಂತರವನ್ನು ವಿವರಿಸದ ವ್ಯಾಖ್ಯಾನವು ನಾಟಕದ ಅರ್ಧವನ್ನು ಮಾತ್ರ ಓದಿದಂತೆ.

ಉಳಿದರ್ಧದ ಬೀಜವು ಮೊದಲನೆಯ ದೃಶ್ಯದಲ್ಲಿಯೇ ಇದೆ. ಬ್ರಾಹ್ಮಣರ ಕೇರಿಯ ಮನೆಯಲ್ಲಿ ಸಾಂಬಶಿವಶಾಸ್ತ್ರಿಯು ಮರಣಶಯ್ಯೆಯಲ್ಲಿದ್ದು ಮಗನನ್ನು ಕರೆಯುತ್ತಿದ್ದಾನೆ. ಮಗ ಜಗದೇವನು ಅರಸನ ಭಂಡಾರದ ಸುತ್ತ ಶರಣಯುವಕರನ್ನು ಕೂಡಿಸಿ ಕಾವಲು ನಿಂತಿದ್ದಾನೆ. ಕೊನೆಗೆ ಮನೆಗೆ ಬಂದವನು ಕೆಳಜಾತಿಯಲ್ಲಿ ಹುಟ್ಟಿದ ಗೆಳೆಯ ಮಲ್ಲಿಬೊಮ್ಮನನ್ನೂ ಜೊತೆಗೆ ಕರೆತಂದು, ಅವನು ಹೊಸ್ತಿಲು ದಾಟಲೇಬೇಕೆಂದು ಹಟ ಹಿಡಿಯುತ್ತಾನೆ. ಮಲ್ಲಿಬೊಮ್ಮನಿಗೆ ಅದು ಬೇಡ. ಆ ಕೇರಿಗೆ ಬರುವುದೇ ಅವನಿಗೆ ಮುಜುಗರ. ಇಲ್ಲಿ ಓದುಗರು ಗಮನಿಸತಕ್ಕ ಸೂಕ್ಷ್ಮವೊಂದಿದೆ. ಹುಟ್ಟಿನಿಂದ ಅವಮಾನ ಉಂಡವನು ಮಲ್ಲಿಬೊಮ್ಮ; ಆ ಅವಮಾನವನ್ನು ತನ್ನ ಧ್ವಜವನ್ನಾಗಿ ಮಾಡಿಕೊಂಡವನು ಜಗದೇವ. ಗೆಳೆಯನ ಸಂಕೋಚಕ್ಕಿಂತ ಆ ಪ್ರವೇಶವನ್ನು ಕೇರಿಯವರು ಕಾಣುವುದೇ ಅವನಿಗೆ ಮುಖ್ಯ. ಅತ್ತ ಭಂಡಾರದ ಪ್ರಸಂಗವು ಊರಿನವರ ಬಾಯಲ್ಲಿ ಬಸವಣ್ಣನ ಪವಾಡವಾಗಿ ಹಬ್ಬುತ್ತದೆ. ಸ್ವತಃ ಬಸವಣ್ಣನಿಗೇ ಬೇಡವಾದ ಈ ಪವಾಡದ ಕಥೆಯಲ್ಲಿ ಕಾವಲು ನಿಂತ ಹುಡುಗರ ಹೆಸರು ಮುಳುಗಿಹೋಗುತ್ತದೆ. ತಂದೆಯ ಕೊನೆಯ ಗಳಿಗೆಗಳನ್ನು ತೆತ್ತು ಮಾಡಿದ ಸಾಹಸಕ್ಕೆ ಲೆಕ್ಕವೇ ಇಲ್ಲದಂತಾಯಿತು. ಹುಟ್ಟಿದ ಕುಲವನ್ನು ಬಿಟ್ಟು ಬಂದವನಿಗೆ ಸೇರಿದ ಸಮುದಾಯದಲ್ಲಿಯೂ ತಕ್ಕ ಸ್ಥಾನ ಸಿಕ್ಕಲಿಲ್ಲವೆಂಬ ಕೊರಗು ಇಲ್ಲಿಂದ ಆರಂಭವಾಗುತ್ತದೆ.

ಮನುಷ್ಯರು ಉಗ್ರಮಾರ್ಗಕ್ಕೆ ತಿರುಗುವ ಬಗೆಯನ್ನು ಅಭ್ಯಾಸ ಮಾಡಿರುವ ಮನಶ್ಶಾಸ್ತ್ರಜ್ಞರ ವಿಚಾರಗಳು ಈ ಪಾತ್ರಕ್ಕೆ ಸೊಗಸಾಗಿ ಹೊಂದುತ್ತವೆ. ತಾನು ಗಣನೆಗೆ ಬರಬೇಕೆಂಬ ಹಸಿವು, ಆ ಹಸಿವಿಗೆ ಹಿಂಸೆಯೇ ಅನ್ನವೆಂದು ಹೇಳುವ ಒಂದು ಕಥನ, ಆ ಕಥನವನ್ನು ದೃಢಪಡಿಸುವ ಗೆಳೆಯರ ಬಳಗ, ಈ ಮೂರೂ ಕೂಡಿದಾಗ ಅಪಾಯವೆಂದು ಆರಿ ಕ್ರುಗ್ಲಾನ್ಸ್ಕಿ ಮತ್ತು ಅವರ ಸಹೋದ್ಯೋಗಿಗಳು ಪ್ರತಿಪಾದಿಸಿದ್ದಾರೆ. ಫತಾಲಿ ಮೊಗದ್ದಮ್ ಅವರು 2005ರ ಲೇಖನವೊಂದರಲ್ಲಿ ಇದನ್ನು ಮೇಲೇರಿದಂತೆ ಇಕ್ಕಟ್ಟಾಗುವ ಮೆಟ್ಟಿಲಸಾಲಿಗೆ ಹೋಲಿಸಿದರು: ಏರಿದಷ್ಟೂ ತೆರೆದ ಬಾಗಿಲುಗಳು ಕಡಮೆ, ಆದುದರಿಂದ ತಡೆಯುವ ಪ್ರಯತ್ನವು ನೆಲದ ಅಂತಸ್ತಿನಲ್ಲಿಯೇ ನಡೆಯಬೇಕು. ಕಾರ್ನಾಡರು ನಾಟಕ ಬರೆದದ್ದು ಇದಕ್ಕೆ ಹದಿನೈದು ವರ್ಷ ಮುಂಚೆ. ಮಂದಿರ ಮತ್ತು ಮಂಡಲ ಎಂಬ ಎರಡು ಮಾತುಗಳು ದೇಶವನ್ನು ಕಲಕುತ್ತಿದ್ದ ಕಾಲ ಅದು. ಉದಾಹರಣೆಗಾಗಿ ಅವರು ದೂರ ಹೋಗಬೇಕಾಗಿರಲಿಲ್ಲ.

ಹಾಗಾದರೆ ಜಗದೇವನ ಪಾಲಿಗೆ ಬಾಗಿಲು ತೆರೆದಿದ್ದದ್ದು ಯಾವಾಗ? ಜೈನರ ಗುಡಿಯೊಂದರ ವಿಷಯದಲ್ಲಿ ಶರಣಯುವಕರು ಬಲಪ್ರಯೋಗಕ್ಕೆ ಮುಂದಾದಾಗ ಬಸವಣ್ಣನು ಅದನ್ನು ನಿಷ್ಠುರವಾಗಿ ಖಂಡಿಸುತ್ತಾನೆ. ಎದುರಾಳಿಯೇ ಮೊದಲು ಕೆಣಕಿದನೆಂಬುದು ಹಿಂಸೆಗೆ ನೆಪವಾಗದೆಂಬುದು ಅವನ ನಿಲುವು. ಆ ನಿಲುವಿನಲ್ಲಿ ದೋಷವಿಲ್ಲ. ಆದರೆ ಹುಡುಗನು ಕೇಳುತ್ತಿದ್ದದ್ದು ತತ್ತ್ವವನ್ನಲ್ಲ, ಮನ್ನಣೆಯನ್ನು. ಬಸವಣ್ಣನು ಕೊಟ್ಟದ್ದು ಅತ್ಯುತ್ತಮವಾದ ತತ್ತ್ವವನ್ನು. ಗುರುವಿನ ಅಹಿಂಸೆಯು ನಿಜವಾದದ್ದಾಗಿದ್ದೂ ಶಿಷ್ಯನಲ್ಲಿ ಬೇರೂರದೆ ಹೋದದ್ದನ್ನು ನಾಟಕಕಾರನು ಯಾರನ್ನೂ ದೂಷಿಸದೆ ತೋರಿಸಿರುವುದು ಈ ಕೃತಿಯ ಶ್ರೇಷ್ಠವಾದ ಗುಣ. ಬಸವಣ್ಣನನ್ನು ಇಲ್ಲಿ ಕೀಳುಗಳೆದಿದ್ದಾರೆಂಬ ಆಕ್ಷೇಪಕ್ಕೆ ಆಧಾರ ಸಾಲದು. ಮಹಾಪುರುಷನ ಸುತ್ತ ಕೂಡಿದ ಜನಸಂದಣಿಯಲ್ಲಿ ಒಬ್ಬೊಬ್ಬರ ಮುಖವೂ ಅವನಿಗೆ ಕಾಣದೆಂಬುದು ನಿಂದೆಯಾಗಲಾರದು.

ಪುರಾಣಪರಂಪರೆಯು ಇದೇ ಜಾಗದಲ್ಲಿ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ತಡಮಾಡಿದ ಜಗದೇವನನ್ನು ಹೆತ್ತ ತಾಯಿಯೇ ಹಂಗಿಸಿ ಎಬ್ಬಿಸುತ್ತಾಳೆ. ಪುರಾಣಕಾರನು ಆ ಮಾತನ್ನು ಮೆಚ್ಚಿ ಹೇಳಿದನಾದರೂ, ಭಕ್ತಿಗಿಂತ ನಾಚಿಕೆಯೇ ಕೈಗೆ ಕತ್ತಿ ಕೊಡುವುದೆಂಬ ಲೋಕಾನುಭವ ಅವನಿಗೂ ಇತ್ತೆಂಬುದು ಆ ಪ್ರಸಂಗದಿಂದ ತಿಳಿಯುತ್ತದೆ. ಕಾರ್ನಾಡರು ತಾಯಿಯ ಆ ಪಾತ್ರವನ್ನು ತೆಗೆದುಹಾಕಿ ನಾಚಿಕೆಯನ್ನು ಮಗನ ಒಳಗೇ ಇಟ್ಟರು.

ನಾಟಕದಲ್ಲಿ ಕೊರತೆಯೂ ಇಲ್ಲದಿಲ್ಲ. ನಡುವಣ ದೃಶ್ಯಗಳನ್ನು ಅರಮನೆಯ ರಾಜಕಾರಣ, ಬಿಜ್ಜಳ ಮತ್ತು ಸೋವಿದೇವರ ಕಲಹ, ಮದುವೆಯ ವಾದವಿವಾದಗಳು ಬಹುಮಟ್ಟಿಗೆ ಆಕ್ರಮಿಸಿಕೊಂಡಿವೆ. ಬಿಜ್ಜಳನ ಪಾತ್ರವು ಅಷ್ಟು ತುಂಬಿ ಬಂದಿರುವುದರಿಂದ ಇದಕ್ಕೆ ವಿಷಾದಪಡುವುದೂ ಕಷ್ಟ. ಆದರೂ ಕೊರಗು ಸಂಕಲ್ಪವಾಗಿ ಗಟ್ಟಿಯಾಗುವ ದಿನಗಳು, ಬಳಗದೊಳಗೆ ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಕಾವು ಕೊಟ್ಟ ರಾತ್ರಿಗಳು ರಂಗದ ಮೇಲೆ ಸಾಕಷ್ಟು ಬರುವುದಿಲ್ಲ. ಜಗದೇವನು ಕೊನೆಗೆ ಅರಸನ ಎದುರು ನಿಂತಾಗ ಪ್ರೇಕ್ಷಕನು ಮೊದಲ ದೃಶ್ಯದ ಹಟಮಾರಿ ಮಗನನ್ನು ತಾನೇ ನೆನೆದು ನಡುವಣ ತೆರಪನ್ನು ತುಂಬಿಕೊಳ್ಳಬೇಕಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ನಷ್ಟವಾದದ್ದು ಮಲ್ಲಿಬೊಮ್ಮನಿಗೆ. ಹೊಸ್ತಿಲ ಬಳಿ ಹಿಂಜರಿದು ನಿಂತ ಆ ಯುವಕನ ಮನಸ್ಸನ್ನು ಜಗದೇವನಷ್ಟೇ ವಿಸ್ತಾರವಾಗಿ ತೆರೆದು ತೋರಿಸಿದ್ದರೆ, ಒಂದೇ ಬಳಗದ ಇಬ್ಬರು ಗೆಳೆಯರು ಒಂದೇ ಅನ್ಯಾಯವನ್ನು ಎರಡು ಬಗೆಯಾಗಿ ಹೊತ್ತ ಕಥೆಯು ನಾಟಕಕ್ಕೆ ದೊರೆಯುತ್ತಿತ್ತು.