ಮೊದಲ ದಿನದ ಸಹಿ

ಪ್ರಮಾಣವಚನ ಮುಗಿಸಿದ ಹೊಸ ಮುಖ್ಯಮಂತ್ರಿ ನೇರವಾಗಿ ವಿಧಾನಸೌಧಕ್ಕೆ ಹೋಗಿ ಜನಪ್ರಿಯ ಕಡತವೊಂದಕ್ಕೆ ಕೈ ಹಾಕುವುದು ಕರ್ನಾಟಕದಲ್ಲಿ ಈಗ ರೂಢಿಯೇ ಆಗಿಬಿಟ್ಟಿದೆ. 2013ರ ಮೇ 13ರಂದು ಅಧಿಕಾರ ವಹಿಸಿಕೊಂಡ ಸಿದ್ದರಾಮಯ್ಯ ಅದೇ ದಿನ ಕಿಲೋಗೆ ಒಂದು ರೂಪಾಯಿಯ ಅಕ್ಕಿ ಪ್ರಕಟಿಸಿದರು. 2019ರ ಜುಲೈ 26ರ ಸಂಜೆ ಗದ್ದುಗೆ ಏರಿದ ಯಡಿಯೂರಪ್ಪ, ಪಿಎಂ ಕಿಸಾನ್ ಸಮ್ಮಾನ್ ಪಡೆಯುವ ರೈತರಿಗೆ ರಾಜ್ಯದ ಪಾಲೆಂದು ಇನ್ನೂ 4,000 ರೂಪಾಯಿ ಘೋಷಿಸಿದರು. 2023ರ ಮೇ 20ರಂದು ಮತ್ತೆ ಬಂದ ಸಿದ್ದರಾಮಯ್ಯನವರ ಮೊದಲ ಸಂಪುಟ ಸಭೆ ಐದೂ ಗ್ಯಾರಂಟಿಗಳಿಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಸದನ ಸೇರುವ ಮೊದಲೇ, ಬಜೆಟ್ ಮಂಡಿಸುವ ಮೊದಲೇ.

ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಸಂವಿಧಾನದ 162ನೇ ವಿಧಿ ರಾಜ್ಯದ ಕಾರ್ಯಾಂಗಕ್ಕೆ ಆ ಅಧಿಕಾರ ಕೊಟ್ಟಿದೆ. ಸದನ ಕೂಡಿಲ್ಲದಾಗ 213ನೇ ವಿಧಿಯಡಿ ಸುಗ್ರೀವಾಜ್ಞೆಯ ದಾರಿಯೂ ಇದೆ. ಮತ ಕೇಳುವಾಗ ಹೇಳಿದ್ದನ್ನು ಗೆದ್ದ ಮೇಲೆ ಮಾಡುವುದು ತಪ್ಪೆನ್ನಲು ಯಾರಿಗೂ ಬಾಯಿ ಬಾರದು. ನನ್ನ ತಕರಾರು ಬೇರೆ. ಆ ಸಹಿ ಎಲ್ಲಿಯವರೆಗೆ ತಲುಪುತ್ತದೆ, ಎಷ್ಟು ದಿನ ಬಾಳುತ್ತದೆ?

ಶೃಂಗೇರಿಯಿಂದ ಕೆರೆಕಟ್ಟೆ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನೆಮ್ಮಾರ್ ಎಂಬ ಊರು ಸಿಗುತ್ತದೆ. ಒಂದು ಕಡೆ ತುಂಗೆ, ಇನ್ನೊಂದು ಕಡೆ ಕುದುರೆಮುಖದ ಕಾಡು, ನಡುವೆ ಅಡಿಕೆ ತೋಟ. ಆ ಐದು ಗ್ಯಾರಂಟಿಗಳಲ್ಲೊಂದಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆಯನ್ನು ಅಳೆಯಲು ಬೆಂಗಳೂರಿನ ಮೆಜೆಸ್ಟಿಕ್‌ಗಿಂತ ಇದು ಒಳ್ಳೆಯ ಜಾಗ. ಮಳೆಗಾಲದ ಬೆಳಿಗ್ಗೆ ಶೃಂಗೇರಿ ಆಸ್ಪತ್ರೆಗೆ ಹೊರಟ ಹೆಂಗಸಿನ ಕೈಚೀಲದಲ್ಲಿ ಆಧಾರ್ ಕಾರ್ಡಿರುತ್ತದೆ. ಆದೇಶ ಕೇಳುವುದೂ ಅಂಥ ಗುರುತಿನ ಚೀಟಿಯನ್ನೇ. ಆದರೆ ಮೊದಲು ಬಂದು ನಿಂತದ್ದು ಖಾಸಗಿ ಬಸ್ಸಾದರೆ ಕಾರ್ಡು ಚೀಲದಲ್ಲೇ ಉಳಿಯಿತು, ಟಿಕೆಟ್ಟಿಗೆ ದುಡ್ಡು ಎಣಿಸಿ ಕೊಡಬೇಕು. ಸರ್ಕಾರಿ ಬಸ್ಸಿಗೆ ಕಾಯೋಣವೆಂದರೆ ಆಸ್ಪತ್ರೆಯ ಚೀಟಿ ಸಿಗುವ ಹೊತ್ತು ಮೀರುತ್ತದೆ. ಮನೆಯಿಂದ ರಸ್ತೆಗೆ ಬರಲು ಹಿಡಿದ ಆಟೋ ಬಾಡಿಗೆ ಯಾವ ಲೆಕ್ಕಕ್ಕೂ ಇಲ್ಲ. ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಾತ್ರ ಉಚಿತವೆಂದು ಬರೆದವರಿಗೆ, ಮಲೆನಾಡಿನ ಒಳದಾರಿಗಳಲ್ಲಿ ಬಹುಕಾಲದಿಂದ ಓಡುತ್ತಿರುವುದು ಯಾರ ಬಸ್ಸೆಂಬುದು ಹೊಳೆದಿರಲಿಕ್ಕಿಲ್ಲ.

ಇಲ್ಲಿ ಸಹಕಾರ ಸಾರಿಗೆಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಮುಚ್ಚಿಹೋದ ಖಾಸಗಿ ಕಂಪನಿಯ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಂಸ್ಥೆ ಅದು. ಡ್ರೈವರು, ಕಂಡಕ್ಟರುಗಳೇ ಮಾಲೀಕರು. ಸರ್ಕಾರಿ ಬಸ್ಸು ಕಾಣದ ಹಳ್ಳಿಗಳಿಗೂ ಅವರು ಬಸ್ಸು ಓಡಿಸಿದರು. ಡೀಸೆಲ್ ಬೆಲೆ, ತೆರಿಗೆಯ ಹೊರೆ ತಾಳಲಾರದೆ 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತವು. ಮಹಿಳೆಯರ ಪ್ರಯಾಣಕ್ಕೆ ಸರ್ಕಾರವೇ ಹಣ ತುಂಬಿಕೊಡುವ ಆದೇಶ ಬಂದದ್ದು ಅದಾಗಿ ಮೂರು ವರ್ಷದ ಮೇಲೆ. ಆ ಹಣದಲ್ಲಿ ಒಂದು ಪಾಲು ಇಂಥ ಸಹಕಾರಿ ಬಸ್ಸಿಗೆ ಸಿಗುವಂತಿದ್ದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಚಿತ್ರವೇ ಬೇರೆಯಾಗುತ್ತಿತ್ತೇನೋ. ಈ ಯೋಜನೆ ಸದನಕ್ಕೆ ವಿಧೇಯಕವಾಗಿ ಬಂದಿದ್ದರೆ ಮಲೆನಾಡಿನ ಶಾಸಕರೊಬ್ಬರಾದರೂ ಎದ್ದು ನಿಂತು, ‘ನಮ್ಮಲ್ಲಿ ಬಸ್ಸೇ ಇಲ್ಲವಲ್ಲ ಸ್ವಾಮಿ’ ಎನ್ನುವ ಅವಕಾಶವಿತ್ತು. ಆದೇಶದ ಕಡತದಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ.

ಹಾಗೆಂದು ಶಕ್ತಿಯನ್ನು ತೆಗಳಲಾರೆ. ಮೇ 20ರ ನಿರ್ಧಾರ ಜೂನ್ 11ಕ್ಕೆ ರಸ್ತೆಗಿಳಿಯಿತು. ನಿಗಮ, ಡಿಪೊ, ಟಿಕೆಟ್ ಯಂತ್ರ ಎಲ್ಲ ಮೊದಲೇ ಇದ್ದುದರಿಂದ ಶೂನ್ಯ ಟಿಕೆಟ್ ಹರಿದುಕೊಡುವುದಷ್ಟೇ ಬಾಕಿಯಿತ್ತು. ಯಂತ್ರ ಇದ್ದಲ್ಲಿ ಆದೇಶ ಓಡುತ್ತದೆ, ಇಲ್ಲದಲ್ಲಿ ಕಾಗದವಾಗಿ ಉಳಿಯುತ್ತದೆ.

ಬಾಳಿಕೆಯ ಮಾತಿಗೆ ಬಂದರೆ ಕಥೆ ಇನ್ನೂ ಕಹಿ. 2018ರ ಮೇ 17ರಂದು ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿ ರೈತರ ಸಾಲ ಮನ್ನಾ ಘೋಷಿಸಿದರು. ಮೇ 19ಕ್ಕೆ ರಾಜೀನಾಮೆ ಕೊಟ್ಟರು. ಘೋಷಣೆಯೂ ಸರ್ಕಾರದ ಜತೆಗೇ ಹೋಯಿತು. 2015ರಲ್ಲಿ ಆರಂಭವಾದ ಟಿಪ್ಪು ಜಯಂತಿ ಕಾಯ್ದೆಯಿಂದ ಬಂದದ್ದಲ್ಲ. 2019ರ ಜುಲೈ 30ರ ಒಂದು ಆದೇಶದಿಂದ ನಿಂತೂ ಹೋಯಿತು. ಜಯಂತಿ ಬೇಕೋ ಬೇಡವೋ ಎಂಬ ಜಗಳ ಇಲ್ಲಿ ಬೇಡ. ಒಬ್ಬರ ಸಹಿ ತಂದದ್ದನ್ನು ಇನ್ನೊಬ್ಬರ ಸಹಿ ಒಯ್ಯಿತು, ಅಷ್ಟೆ.

ಅಮೆರಿಕದಲ್ಲೂ ನಡೆಯುವುದು ಇದೇ. 2021ರ ಜನವರಿ 20ರಂದು ಬೈಡನ್ ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಮರಳುವ ಕಾಗದಕ್ಕೆ ಸಹಿ ಹಾಕಿದರು. 2025ರ ಅದೇ ಜನವರಿ 20ರಂದು ಟ್ರಂಪ್ ಹೊರಬರುವ ಆದೇಶಕ್ಕೆ ಸಹಿ ಹಾಕಿದರು. ಅಂದೇ ಹೊರಟ ಇನ್ನೊಂದು ಆದೇಶ ಜನ್ಮದಿಂದ ಬರುವ ಪೌರತ್ವಕ್ಕೆ ಕತ್ತರಿ ಹಾಕಹೊರಟಿತು. ಕೆಲಸದ ವೀಸಾದಲ್ಲಿರುವ ದಂಪತಿಗಳ ಕೂಸೂ ಅದರ ವ್ಯಾಪ್ತಿಯಲ್ಲಿತ್ತು. ಮಗನೋ ಮಗಳೋ ಅಲ್ಲಿರುವ ನಮ್ಮ ಅಡಿಕೆ ಸೀಮೆಯ ಮನೆಗಳಿಗೆ ಅದು ದೂರದ ಸುದ್ದಿಯೇನಲ್ಲ. ಮೂರೇ ದಿನಕ್ಕೆ ಸಿಯಾಟಲ್‌ನ ನ್ಯಾಯಾಧೀಶರೊಬ್ಬರು ಅದಕ್ಕೆ ತಡೆ ಕೊಟ್ಟರು.

ಇದಕ್ಕೆ ಎದುರಾಗಿ ದೇವರಾಜ ಅರಸರನ್ನು ಇಟ್ಟು ನೋಡಬೇಕು. 1972ರ ಮಾರ್ಚಿನಲ್ಲಿ ಮುಖ್ಯಮಂತ್ರಿಯಾದ ಅವರು ಉಳುವವನಿಗೆ ಭೂಮಿ ಎಂದು ಮೊದಲ ದಿನವೇ ಆದೇಶ ಹೊರಡಿಸಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಶಾಸನಸಭೆಯ ಮೂಲಕ ಹೋದರು. ಭೂಸುಧಾರಣಾ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು, ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳಾದವು, ಗೇಣಿದಾರರು ನಮೂನೆ 7ರ ಅರ್ಜಿ ಹಿಡಿದು ಸಾಲು ನಿಂತರು. ವರ್ಷಗಟ್ಟಲೆ ಎಳೆಯಿತು, ಕೋರ್ಟು ಕಚೇರಿ ಅಲೆದಾಟ ಸಾಕಷ್ಟಾಯಿತು. ಆದರೆ ಆಮೇಲೆ ಬಂದ ಯಾವ ಸರ್ಕಾರಕ್ಕೂ ಆ ಗೇಣಿದಾರನಿಂದ ಜಮೀನನ್ನು ಒಂದು ಸಹಿಯಿಂದ ಕಿತ್ತುಕೊಳ್ಳಲಾಗಲಿಲ್ಲ. ಕೃಷಿಕರಲ್ಲದವರ ಜಮೀನು ಖರೀದಿಗೆ ತಡೆಯಾಗಿದ್ದ, ಅದೇ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರ ಜುಲೈನಲ್ಲಿ ಸುಗ್ರೀವಾಜ್ಞೆಯಿಂದ ತೆಗೆದಾಗಲೂ, ಅದು ಗಟ್ಟಿಯಾಗಲು ಡಿಸೆಂಬರಿನಲ್ಲಿ ವಿಧಾನಪರಿಷತ್ತಿನ ಒಪ್ಪಿಗೆ ಪಡೆಯಲೇಬೇಕಾಯಿತು.

ಅರಸರೂ ಆದೇಶ ಬಳಸಿದರು ಎನ್ನಬಹುದು. ಹಿಂದುಳಿದ ವರ್ಗಗಳ ಮೀಸಲಾತಿ ಬಂದದ್ದು 1977ರ ಫೆಬ್ರವರಿಯ ಸರ್ಕಾರಿ ಆದೇಶದಿಂದಲೇ. ಆದರೆ ಅದರ ಬೆನ್ನಿಗೆ 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗದ ದುಡಿಮೆ ಇತ್ತು. ಮೊದಲು ಊರೂರು ಸುತ್ತಿ ಕೇಳಿದರು, ಆಮೇಲೆ ಸಹಿ ಹಾಕಿದರು. ಈಗ ಸಹಿ ಮೊದಲು, ಮಾರ್ಗಸೂಚಿ ಆಮೇಲೆ, ಊರಿನ ವಿಚಾರಣೆ ಕೊನೆಗೆ. ಈ ತಿರುವುಮುರುವು ನನಗೆ ಒಪ್ಪಿಗೆಯಿಲ್ಲ.

ಮುಂದೆ ಬರುವ ಮುಖ್ಯಮಂತ್ರಿ ಯಾವ ಪಕ್ಷದವರೇ ಆಗಲಿ, ಮೊದಲ ದಿನ ಸಹಿ ಹಾಕಲಿ, ಬೇಡವೆನ್ನುವುದಿಲ್ಲ. ಆದರೆ ಮೊದಲ ಅಧಿವೇಶನದಲ್ಲೇ ಆ ಆದೇಶವನ್ನು ಸದನದ ಮುಂದಿಟ್ಟು, ಯಾವ ತಾಲ್ಲೂಕಿಗೆ ಎಷ್ಟು ತಲುಪುತ್ತದೆ ಎಂಬ ಲೆಕ್ಕ ಕೊಡಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿಗೆ ಇರುವುದು ಶೃಂಗೇರಿ ಎಂಬ ಒಂದೇ ವಿಧಾನಸಭಾ ಕ್ಷೇತ್ರ, ಒಬ್ಬರೇ ಶಾಸಕರು. ಅವರು ಮತ ಕೇಳಲು ಬಂದಾಗ ನೆಮ್ಮಾರಿನ ಹೆಂಗಸರು ಬಸ್ಸಿನ ವೇಳಾಪಟ್ಟಿಯನ್ನೇ ಕೇಳಲಿ.